ಎಳೆ ಕಣ ಬಲಿತರೆ ಕ್ಯಾನ್ಸರ್ ನಿಲ್ಲುತ್ತದೆಯೇ? ಎಪಿಎಲ್ ಮತ್ತು ಆಟ್ರಾ–ಆರ್ಸೆನಿಕ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಎಪಿಎಲ್ ಅಂದರೆ ರೇಷನ್ ಕಾರ್ಡಿನ ಎಪಿಎಲ್ ಅಲ್ಲ. ಅಕ್ಯೂಟ್ ಪ್ರೋಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿನ ಗಿಡ್ಡ ಹೆಸರು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಡೋಸಿನ ಲೆಕ್ಕ ಕೊಟ್ಟಿರುವುದು ಚೀಟಿಯಲ್ಲಿ ಬರೆದದ್ದು ಅರ್ಥವಾಗಲಿ ಎಂದು. ಅದನ್ನು ನೋಡಿಕೊಂಡು ಯಾರೂ ಮಾತ್ರೆ ನುಂಗುವಂತಿಲ್ಲ.

ಕ್ಯಾನ್ಸರ್ ಕಣವನ್ನು ಕೊಲ್ಲದೆ ಬಲಿಯುವಂತೆ ಮಾಡುವುದು ಅಂದರೇನು?

ಮೂಳೆಯೊಳಗಿನ ಮಜ್ಜೆಯಲ್ಲಿ ದಿನವೂ ಕೋಟಿಗಟ್ಟಲೆ ಬಿಳಿ ರಕ್ತಕಣ ಹುಟ್ಟುತ್ತವೆ. ಹುಟ್ಟಿದಾಗ ಎಳೆಯದು. ಹಂತ ಹಂತವಾಗಿ ಬಲಿತು, ನ್ಯೂಟ್ರೋಫಿಲ್ ಆಗಿ ರಕ್ತಕ್ಕೆ ಇಳಿಯುತ್ತದೆ. ಬಲಿತ ಕಣ ಮತ್ತೆ ಒಡೆದು ಎರಡಾಗುವುದಿಲ್ಲ. ಹೆಚ್ಚೆಂದರೆ ಕೆಲವು ದಿನ ಬದುಕಿ ತಾನಾಗಿ ಸಾಯುತ್ತದೆ. ಎಪಿಎಲ್‌ನಲ್ಲಿ ಕಣಗಳು ನಡುದಾರಿಯ ಪ್ರೋಮೈಲೊಸೈಟ್ ಹಂತದಲ್ಲೇ ನಿಂತುಬಿಡುತ್ತವೆ. ಎಳೆಯದಾಗಿದ್ದುಕೊಂಡೇ ಒಡೆಯುತ್ತ, ಮಜ್ಜೆಯ ಜಾಗವನ್ನೆಲ್ಲ ಆಕ್ರಮಿಸುತ್ತವೆ.

ತೋಟ ಇರುವವರಿಗೆ ಒಂದು ಹೋಲಿಕೆ: ಎಳೆ ಅಡಿಕೆ ಗೊನೆಯಿಂದ ಕಳಚಿಕೊಳ್ಳುವುದಿಲ್ಲ, ಹಣ್ಣಡಿಕೆ ಯಾರೂ ಮುಟ್ಟದೆ ಉದುರುತ್ತದೆ. ಈ ಮದ್ದು ಮಾಡುವುದು ಕಣವನ್ನು ಹಣ್ಣಾಗಿಸುವ ಕೆಲಸ. ಹೋಲಿಕೆ ಅಲ್ಲಿಗೆ ಮುಗಿಯಿತು. ಎಳೆ ಅಡಿಕೆ ತನ್ನಂಥ ಇನ್ನೊಂದನ್ನು ಹುಟ್ಟಿಸುವುದಿಲ್ಲ, ಎಳೆ ಕ್ಯಾನ್ಸರ್ ಕಣ ಹುಟ್ಟಿಸುತ್ತದೆ.

ಕಣ ಅಲ್ಲೇ ನಿಲ್ಲುವುದು ಯಾಕೆ? ಮದ್ದು ಅದನ್ನು ಹೇಗೆ ಬಿಡಿಸುತ್ತದೆ?

15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡಾಗಿ ಪರಸ್ಪರ ತುದಿ ಬದಲಿಸಿಕೊಳ್ಳುತ್ತವೆ. 15ರಲ್ಲಿದ್ದ ಪಿಎಂಎಲ್ ಎಂಬ ಜೀನ್, 17ರಲ್ಲಿದ್ದ ರಾರಾ ಜೀನ್‌ಗೆ ಅಂಟಿಕೊಂಡು ಪಿಎಂಎಲ್–ರಾರಾ ಎಂಬ ಬೆರಕೆ ಪ್ರೋಟೀನ್ ತಯಾರಾಗುತ್ತದೆ. ಇದು ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ರಾರಾ ಅಂದರೆ ರೆಟಿನೊಯಿಕ್ ಆಮ್ಲವನ್ನು ಹಿಡಿಯುವ ಗ್ರಾಹಕ. ಎ ಜೀವಸತ್ವದಿಂದ ದೇಹವೇ ಮಾಡಿಕೊಳ್ಳುವ ಈ ಆಮ್ಲ ಬಂದು ಕೂತರೆ, ಕಣ ಬಲಿಯಲು ಬೇಕಾದ ಜೀನ್‌ಗಳ ಬೀಗ ತೆರೆಯುತ್ತದೆ. ಬೆರಕೆ ಪ್ರೋಟೀನ್ ಹಾಗಲ್ಲ. ಜೀನ್‌ಗಳನ್ನು ಮುಚ್ಚಿಡುವ ಬೇರೆ ಪ್ರೋಟೀನ್‌ಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ರಕ್ತದಲ್ಲಿ ಸಹಜವಾಗಿರುವಷ್ಟು ಆಮ್ಲಕ್ಕೆ ಜಗ್ಗುವುದಿಲ್ಲ. ಅದರ ನೂರಾರು ಪಟ್ಟು, ಅಂದರೆ ಒಂದು ಮೈಕ್ರೋಮೋಲಾರ್‌ನ ಆಸುಪಾಸು, ಸಿಕ್ಕರೆ ಮಾತ್ರ ಹಿಡಿತ ಸಡಿಲುತ್ತದೆ. ಆಟ್ರಾ ಕ್ಯಾಪ್ಸೂಲ್ ಮಾಡುವುದು ಇದನ್ನೇ. ಆಟ್ರಾ ಅಂದರೆ ಆಲ್ ಟ್ರಾನ್ಸ್ ರೆಟಿನೊಯಿಕ್ ಆಸಿಡ್. ಔಷಧದ ಹೆಸರು ಟ್ರೆಟಿನೊಯಿನ್.

ಆಟ್ರಾ ಒಂದನ್ನೇ ಕೊಟ್ಟರೆ ರೋಗ ತಿಂಗಳುಗಳಲ್ಲಿ ಮರಳುತ್ತದೆ. ಯಕೃತ್ತು ಅದನ್ನು ಒಡೆಯುವುದನ್ನು ಬೇಗ ಕಲಿತುಬಿಡುತ್ತದೆ, ಮೂಲ ಕ್ಯಾನ್ಸರ್ ಕಣಗಳೂ ಪೂರ್ತಿ ಹೋಗುವುದಿಲ್ಲ. ಆರ್ಸೆನಿಕ್ ಬೇಕಾಗುವುದು ಇಲ್ಲಿ.

ಆರ್ಸೆನಿಕ್ ಅಂದರೆ ಪಾಷಾಣ ಅಲ್ಲವೇ?

ಹೌದು, ಅದೇ. ಆಯುರ್ವೇದದಲ್ಲಿ ಗೌರೀಪಾಷಾಣ, ಸೋಮಲ ಎನ್ನುವ ಬಿಳಿ ಪುಡಿಯೇ ಆರ್ಸೆನಿಕ್ ಟ್ರೈಆಕ್ಸೈಡ್. ಅದು ಬೆರಕೆ ಪ್ರೋಟೀನಿನ ಪಿಎಂಎಲ್ ಭಾಗಕ್ಕೆ ನೇರವಾಗಿ ಅಂಟುತ್ತದೆ. ಅಂಟಿದ ಪ್ರೋಟೀನಿಗೆ ಜೀವಕೋಶವೇ ‘ಇದು ಕಸ’ ಎಂದು ಗುರುತು ಹಾಕಿ ಪುಡಿ ಮಾಡುತ್ತದೆ. ಆಟ್ರಾ ರಾರಾ ಕಡೆಯಿಂದ, ಆರ್ಸೆನಿಕ್ ಪಿಎಂಎಲ್ ಕಡೆಯಿಂದ ಹಿಡಿದೆಳೆಯುವುದರಿಂದ ಬೆರಕೆಯೇ ಉಳಿಯುವುದಿಲ್ಲ.

ಆದರೆ ಮನೆಮದ್ದಿನ ಪಾಷಾಣ ಭಸ್ಮಕ್ಕೂ ಆಸ್ಪತ್ರೆಯ ವಯಲ್‌ಗೂ ಸಂಬಂಧ ಕಲ್ಪಿಸಬೇಡಿ. ವಯಲ್‌ನಲ್ಲಿ ಒಂದು ಮಿಲಿಗೆ ಎಷ್ಟು ಮಿಗ್ರಾಂ ಎಂಬುದು ಖಚಿತ, ಹೃದಯ ಮತ್ತು ರಕ್ತದ ಲವಣ ನೋಡಿಕೊಂಡು ಕೊಡುತ್ತಾರೆ. ಭಸ್ಮದ ಪೊಟ್ಟಣದಲ್ಲಿ ಎಷ್ಟಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಎರಡೂ ಒಟ್ಟಿಗೆ ಮೈಗೆ ಸೇರಿದರೆ ಅಪಾಯ.

ಇದನ್ನು ಕಂಡುಹಿಡಿದವರು ಯಾರು?

1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಯವರು ರಕ್ತ ಕ್ಯಾನ್ಸರಿಗೆ ಆರ್ಸೆನಿಕ್ ಚುಚ್ಚುಮದ್ದು ಕೊಟ್ಟು ನೋಡಿದರು. ಶಾಂಘೈನ ರೂಯಿಜಿನ್ ಆಸ್ಪತ್ರೆಯ ವಾಂಗ್ ಝೆನ್‌ಯಿ ತಂಡ ಆಟ್ರಾ ಪ್ರಯೋಗಿಸಿ, 1988ರಲ್ಲಿ 24 ರೋಗಿಗಳ ಫಲಿತಾಂಶ ಪ್ರಕಟಿಸಿತು. 23 ಮಂದಿಗೆ ಆಟ್ರಾ ಒಂದರಿಂದಲೇ ರೋಗ ಶಮನವಾಗಿತ್ತು. ನಮ್ಮಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಆರ್ಸೆನಿಕ್ ಒಂದನ್ನೇ ಬಳಸಿ 72 ರೋಗಿಗಳಿಗೆ ಚಿಕಿತ್ಸೆ ಕೊಟ್ಟು, ನೂರಕ್ಕೆ 86 ಮಂದಿಯಲ್ಲಿ ಶಮನ ಕಂಡದ್ದನ್ನು 2006ರಲ್ಲಿ ಪ್ರಕಟಿಸಿತು. ಆಟ್ರಾ–ಆರ್ಸೆನಿಕ್ ಜೋಡಿ ಹಳೆಯ ಆಟ್ರಾ–ಕೀಮೋಗಿಂತ ಕಡಿಮೆಯಲ್ಲ ಎಂದು 2013ರಲ್ಲಿ ಇಟಲಿ–ಜರ್ಮನಿಯ ಅಧ್ಯಯನ ತೋರಿಸಿತು. ಬಿಳಿಕಣ 10,000ಕ್ಕಿಂತ ಹೆಚ್ಚಿಲ್ಲದ ರೋಗಿಗಳಲ್ಲಿ ಎರಡು ವರ್ಷ ತೊಡಕಿಲ್ಲದೆ ಉಳಿದವರು ನೂರಕ್ಕೆ 97. ಕೀಮೋ ಗುಂಪಿನಲ್ಲಿ 86.

ಜ್ವರ ಇದೆ, ಪ್ಲೇಟ್‌ಲೆಟ್ ಇಳಿದಿದೆ. ಡೆಂಗಿಯೋ, ಇದೋ ಹೇಗೆ ಗೊತ್ತಾಗುತ್ತದೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಡವುವುದು ಇಲ್ಲೇ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ; ಬೇಸಿಗೆಗೆ ಮುಂಚಿನಿಂದ ಸಿದ್ದಾಪುರ, ಶಿರಸಿ ಕಡೆ ಮಂಗನ ಕಾಯಿಲೆ. ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು, ರಕ್ತಸ್ರಾವವೂ ಆಗಬಹುದು. ಎಪಿಎಲ್‌ನಲ್ಲೂ ಹಾಗೇ. ರಕ್ತ ಕ್ಯಾನ್ಸರ್ ಎಂದರೆ ಬಿಳಿಕಣ ಲಕ್ಷಕ್ಕೆ ಏರಿರಬೇಕು ಎಂದುಕೊಂಡಿರುತ್ತೇವೆ. ಎಪಿಎಲ್‌ನಲ್ಲಿ ಹಲವರಿಗೆ ಅದು 1,000–2,000ಕ್ಕೆ ಇಳಿದಿರುತ್ತದೆ. ಥೇಟ್ ಡೆಂಗಿ ರಿಪೋರ್ಟ್.

ಅನುಮಾನ ಹುಟ್ಟಬೇಕಾದ ಗುರುತುಗಳು: ಡೆಂಗಿಯಲ್ಲಿ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಏರುವ ಕಡೆ ಇರುತ್ತದೆ, ಇಲ್ಲಿ ಇಳಿದಿರುತ್ತದೆ. ಡೆಂಗಿಯಲ್ಲಿ ವಾರ–ಹತ್ತು ದಿನಕ್ಕೆ ಪ್ಲೇಟ್‌ಲೆಟ್ ಏರತೊಡಗುತ್ತದೆ, ಇಲ್ಲಿ ಏರುವುದಿಲ್ಲ. ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲದಿರುವುದು, ಪೆಟ್ಟೇ ಆಗದೆ ತೊಡೆ, ತೋಳಿನಲ್ಲಿ ಅಂಗೈಯಗಲ ಕಪ್ಪು ಕಲೆ, ಸೂಜಿ ಚುಚ್ಚಿದ ಜಾಗ ತಾಸುಗಟ್ಟಲೆ ಒಸರುವುದು, ಮುಟ್ಟಿನಲ್ಲಿ ವಿಪರೀತ ಸ್ರಾವ. ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಹೆಚ್ಚು, ಫೈಬ್ರಿನೋಜನ್ (ಹೆಪ್ಪುಗಟ್ಟಿಸುವ ಪ್ರೋಟೀನ್) ಕಡಿಮೆ, ಡಿ-ಡೈಮರ್ (ಹೆಪ್ಪು ಕರಗಿದಾಗ ಉಳಿಯುವ ತುಣುಕು) ಬಹಳ ಹೆಚ್ಚು ಬಂದರೆ ಆ ದಿನವೇ ಹೊರಡಬೇಕು.

ಯಂತ್ರ ಕೊಡುವ ಸಂಖ್ಯೆಯ ಚೀಟಿ ಸಾಲದು. ಸ್ಮಿಯರ್ ನೋಡಿ ಎಂದು ಕೇಳಿ. ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ನೇರಳೆ–ಕೆಂಪು ಕಾಳುಗಳು ತುಂಬಿದ ದೊಡ್ಡ ಕಣಗಳು, ಕೆಲವದರಲ್ಲಿ ಕಟ್ಟಿಗೆ ಹೊರೆ ಕಟ್ಟಿಟ್ಟಂತೆ ಕೆಂಪು ಕಡ್ಡಿಗಳು. ಪಳಗಿದ ಕಣ್ಣಿಗೆ ಇದು ಅರ್ಧ ತಾಸಿನ ಕೆಲಸ. ಬಿಳಿಕಣ ತೀರಾ ಕಡಿಮೆ ಇದ್ದಾಗ ಇಂಥ ಕಣ ನಾಲ್ಕೇ ಇದ್ದು ಕಣ್ತಪ್ಪುವುದೂ ಉಂಟು. ಸಂಶಯ ಹೋಗದಿದ್ದರೆ ಮಜ್ಜೆ ಪರೀಕ್ಷೆ.

ಜೀನ್ ವರದಿ ಬರುವವರೆಗೆ ಮದ್ದು ಶುರು ಮಾಡದೆ ಕಾಯಬಹುದೇ?

ಕಾಯಬಾರದು. ಈ ಪುಟದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಬೆರಕೆ ಜೀನ್ ಹುಡುಕುವ ಫಿಶ್ ಅಥವಾ ಪಿಸಿಆರ್ ಪರೀಕ್ಷೆಯ ವರದಿಗೆ ದಿನಗಳೇ ಬೇಕು. ಎಪಿಎಲ್‌ನಲ್ಲಿ ಸಾವು ಬರುವುದು ಹೆಚ್ಚಾಗಿ ಮೊದಲ ಕೆಲವೇ ದಿನಗಳಲ್ಲಿ, ಅದೂ ಮಿದುಳಿನ ಅಥವಾ ಶ್ವಾಸಕೋಶದ ರಕ್ತಸ್ರಾವದಿಂದ. ಎಳೆ ಕಣದೊಳಗಿನ ಕಾಳುಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸಿಬಿಡುತ್ತವೆ. ಆಟ್ರಾ ಇದನ್ನು ಹದಕ್ಕೆ ತರತೊಡಗುತ್ತದೆ. ಹಾಗಾಗಿ ಸ್ಮಿಯರ್ ನೋಡಿ ಸಂಶಯ ಬಂದ ದಿನವೇ ಆಟ್ರಾ ಕೊಡುವುದು ಜಗತ್ತಿನೆಲ್ಲೆಡೆಯ ನಿಯಮ. ವರದಿಯಲ್ಲಿ ಬೇರೆ ರೋಗ ಎಂದು ಬಂದರೆ ನಿಲ್ಲಿಸಿದರಾಯಿತು. ನಾಲ್ಕು ದಿನದ ಕ್ಯಾಪ್ಸೂಲಿನಿಂದ ದೊಡ್ಡ ಹಾನಿಯಿಲ್ಲ.

ಜೊತೆಗೆ ಪ್ಲೇಟ್‌ಲೆಟ್ 30,000–50,000ಕ್ಕಿಂತ ಮೇಲೆ, ಫೈಬ್ರಿನೋಜನ್ 100–150 ಮಿಗ್ರಾಂಗಿಂತ ಮೇಲೆ ಇರುವಂತೆ ಪ್ಲೇಟ್‌ಲೆಟ್ ಮತ್ತು ಕ್ರಯೋ (ದಾನಿಗಳ ರಕ್ತದಿಂದ ತೆಗೆದ, ಫೈಬ್ರಿನೋಜನ್ ಹೆಚ್ಚಿರುವ ಭಾಗ) ಕೊಡುತ್ತಿರಬೇಕು. ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಸಲವಾದರೂ ಪರೀಕ್ಷೆ. ಈ ಹೊತ್ತಿನಲ್ಲಿ ಬೆನ್ನುಹುರಿಯ ನೀರು ತೆಗೆಯುವುದು, ಕುತ್ತಿಗೆಗೆ ದಪ್ಪ ನಳಿಕೆ ಹಾಕುವುದು, ಸೊಂಟಕ್ಕೆ ಇಂಜೆಕ್ಷನ್ ಚುಚ್ಚುವುದು ಬೇಡ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ, ಪ್ಯಾರಾಸಿಟಮಾಲ್ ಮಾತ್ರ.

ಎಲ್ಲಿಗೆ ಹೋಗಬೇಕು?

ಹೆಮಟಾಲಜಿ ಅಥವಾ ಮೆಡಿಕಲ್ ಆಂಕಾಲಜಿ ತಜ್ಞರು, ಪ್ಲೇಟ್‌ಲೆಟ್ ಮತ್ತು ಕ್ರಯೋ ಕೊಡುವ ರಕ್ತನಿಧಿ, ಐಸಿಯು ಮೂರೂ ಒಂದೇ ಕಡೆ ಇರುವಲ್ಲಿಗೆ. ಕಾರವಾರ, ಅಂಕೋಲೆಯವರು ಗೋವಾದ ಬಾಂಬೋಳಿಗೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ ಹೋಗುವುದು ರೂಢಿ. ಹೊರಡುವ ಮುಂಚೆ ಫೋನ್ ಮಾಡಿ ಎರಡು ವಿಷಯ ಕೇಳಿ: ಆಟ್ರಾ ಈಗ ಸ್ಟಾಕ್ ಇದೆಯೇ, ಇವತ್ತು ಕ್ರಯೋ ಸಿಗುತ್ತದೆಯೇ? ಮಳೆಗಾಲದಲ್ಲಿ ಘಟ್ಟದ ದಾರಿ ನಂಬಿ ರಾತ್ರಿ ಹೊರಡುವ ಮೊದಲು ರಸ್ತೆ ತೆರೆದಿದೆಯೇ ವಿಚಾರಿಸಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ (66) ದಿನಗಟ್ಟಲೆ ಮುಚ್ಚಿದ್ದು ಮರೆಯುವಂಥದ್ದಲ್ಲ. ಸ್ಮಿಯರ್ ಗಾಜನ್ನೂ ರಿಪೋರ್ಟನ್ನೂ ಜೊತೆಗೇ ಒಯ್ಯಿರಿ, ಅಲ್ಲಿ ಮತ್ತೆ ಮೊದಲಿನಿಂದ ಶುರುವಾಗುವುದು ತಪ್ಪುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ನೂರಕ್ಕೆ 30, ಒಟ್ಟು ಒಂದೂವರೆ ಲಕ್ಷದವರೆಗೆ. ರೆಫರಲ್ ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ. ರೋಗಿಯನ್ನು ಮೊದಲು ಸೇರಿಸಿ, ಕಾಗದ ಆಮೇಲೆ ತರಬಹುದು.

ಡೋಸ್ ಲೆಕ್ಕ ಹಾಕುವುದು ಹೇಗೆ?

ಆಟ್ರಾ ಮೈಯ ವಿಸ್ತೀರ್ಣದ ಮೇಲೆ: ಚದರ ಮೀಟರಿಗೆ ದಿನಕ್ಕೆ 45 ಮಿಗ್ರಾಂ, ಎರಡು ಪಾಲು ಮಾಡಿ. ಮಕ್ಕಳಿಗೆ ಹಲವು ಕಡೆ 25. ಎತ್ತರ 160 ಸೆಂಮೀ, ತೂಕ 54 ಕಿಲೋ ಇದ್ದರೆ 160ನ್ನು 54ರಿಂದ ಗುಣಿಸಿ 3,600ರಿಂದ ಭಾಗಿಸಿದರೆ 2.4, ಅದರ ವರ್ಗಮೂಲ 1.55 ಚದರ ಮೀಟರ್. 45ರಿಂದ ಗುಣಿಸಿದರೆ ಸುಮಾರು 70 ಮಿಗ್ರಾಂ. ಕ್ಯಾಪ್ಸೂಲ್ 10 ಮಿಗ್ರಾಂನದ್ದು, ಹಾಗಾಗಿ ಬೆಳಿಗ್ಗೆ ನಾಲ್ಕು, ರಾತ್ರಿ ಮೂರು. ಊಟದ ಜೊತೆಗೇ ನುಂಗಬೇಕು. ಬರೀ ಗಂಜಿ ತಿಳಿಗಿಂತ ಸ್ವಲ್ಪ ಜಿಡ್ಡಿರುವ ಊಟದಲ್ಲಿ ಮೈಗೆ ಚೆನ್ನಾಗಿ ಹತ್ತುತ್ತದೆ. ಬಿಸಿಲು, ಬೆಳಕು ತಾಗಿದರೆ ಕೆಡುತ್ತದೆ. ಕಿಟಕಿಯ ಹಲಗೆಯ ಮೇಲಲ್ಲ, ಕಪಾಟಿನೊಳಗೆ ಇಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ದುಪ್ಪಟ್ಟು ನುಂಗಬೇಡಿ.

ಆರ್ಸೆನಿಕ್ ತೂಕದ ಮೇಲೆ: ಕಿಲೋಗೆ 0.15 ಮಿಗ್ರಾಂ. 54 ಕಿಲೋಗೆ 8.1 ಮಿಗ್ರಾಂ. ಮಿಲಿಗೆ ಒಂದು ಮಿಗ್ರಾಂ ಇರುವ ವಯಲ್ ಆದರೆ 8.1 ಮಿಲಿಯನ್ನು 100–250 ಮಿಲಿ ಸಲೈನ್ ಅಥವಾ ಡೆಕ್ಸ್‌ಟ್ರೋಸ್‌ಗೆ ಬೆರೆಸಿ ಎರಡು ತಾಸು ಡ್ರಿಪ್. ಮೊದಲ ಹಂತದಲ್ಲಿ ಎರಡನ್ನೂ ರೋಗ ಶಮನವಾಗುವವರೆಗೆ ದಿನವೂ, ಹೆಚ್ಚೆಂದರೆ 60 ದಿನ ಕೊಡುತ್ತಾರೆ.

ಮದ್ದು ಶುರುವಾದ ಮೇಲೆ ಬಿಳಿಕಣ 1,500ರಿಂದ 30,000ಕ್ಕೆ ಏರಿತು. ರೋಗ ಜಾಸ್ತಿಯಾಯಿತೇ?

ಅಲ್ಲ. ಮಜ್ಜೆಯಲ್ಲಿ ಕೂತಿದ್ದ ಕಣಗಳು ಬಲಿಯುತ್ತ ರಕ್ತಕ್ಕೆ ಇಳಿಯುತ್ತಿವೆ. 10,000 ದಾಟಿದರೆ ಹೈಡ್ರಾಕ್ಸಿಯೂರಿಯಾ 500 ಮಿಗ್ರಾಂ ದಿನಕ್ಕೆ ನಾಲ್ಕು ಸಲ, 50,000 ದಾಟಿದರೆ ಅದರ ಇಮ್ಮಡಿ ಕೊಡುವುದು ರೂಢಿ. ಆದರೆ ಮದ್ದಿಗೆ ಮೊದಲೇ 10,000ಕ್ಕಿಂತ ಹೆಚ್ಚಿದ್ದರೆ ಅದು ಹೆಚ್ಚು ಅಪಾಯದ ಗುಂಪು. ಅವರಿಗೆ ಇಡಾರೂಬಿಸಿನ್‌ನಂಥ ಕೀಮೋ ಕೂಡ ಸೇರುತ್ತದೆ.

ಎಲ್ಲ ಸರಿಯಾಗಿದ್ದು, ಎರಡನೇ ವಾರ ಇದ್ದಕ್ಕಿದ್ದಂತೆ ಉಬ್ಬಸ ಬಂತು. ಇದೇನು?

ಡಿಫರೆನ್ಷಿಯೇಷನ್ ಸಿಂಡ್ರೋಮ್ ಎಂದೇ ಮೊದಲು ಭಾವಿಸಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬರುತ್ತದೆ. ಬಲಿಯುತ್ತಿರುವ ಕಣಗಳು ಶ್ವಾಸಕೋಶ, ಮೂತ್ರಪಿಂಡಗಳಿಗೆ ನುಗ್ಗಿ ಉರಿಯೂತದ ರಾಸಾಯನಿಕ ಸುರಿಸುತ್ತವೆ, ರಕ್ತನಾಳ ಸೋರತೊಡಗುತ್ತದೆ. ಮೊದಲ ವಾರ ಮತ್ತು ಮೂರು–ನಾಲ್ಕನೇ ವಾರ ಹೆಚ್ಚು, ಆದರೆ ನಡುವೆ ಬರುವುದಿಲ್ಲ ಎಂದೇನಿಲ್ಲ.

ಜ್ವರ, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು, ಬಿಪಿ ಇಳಿಯುವುದು, ಮೂತ್ರ ಕಡಿಮೆಯಾಗುವುದು. ಇವೆಲ್ಲಕ್ಕಿಂತ ಮೊದಲೇ ಸುಳಿವು ಕೊಡುವುದು ತೂಕದ ಯಂತ್ರ. ದಿನವೂ ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಅದೇ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಊಟ ಸೇರದವರ ತೂಕ ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಮೈ ತುಂಬಿದ್ದಲ್ಲ. ಐದು ಕಿಲೋ ಆಗುವವರೆಗೆ ನೋಡುತ್ತ ಕೂರುವಂತಿಲ್ಲ. ‘ಸ್ವಲ್ಪ ದಮ್ಮು ಅಷ್ಟೇ, ಬೆಳಿಗ್ಗೆ ಹೇಳುವಾ’ ಎಂದು ಜೊತೆಗಿದ್ದವರು ಸುಮ್ಮನಾಗುವುದೇ ಇದರಲ್ಲಿ ದೊಡ್ಡ ತಪ್ಪು.

ಚಿಕಿತ್ಸೆ: ಸಂಶಯ ಬಂದ ಕೂಡಲೇ ಡೆಕ್ಸಾಮೆಥಸೋನ್ 10 ಮಿಗ್ರಾಂ 12 ತಾಸಿಗೊಮ್ಮೆ ರಕ್ತನಾಳಕ್ಕೆ. ಎಕ್ಸ್‌ರೇ ಬರಲಿ ಎಂದು ಕಾಯುವುದಿಲ್ಲ. ನ್ಯುಮೋನಿಯಾ ಇರಬಹುದೆಂದು ಆ್ಯಂಟಿಬಯೋಟಿಕ್ ಜೊತೆಗೇ ಶುರು ಮಾಡುತ್ತಾರೆ. ತೀವ್ರವಾದರೆ ಮಾತ್ರ ಆಟ್ರಾ, ಆರ್ಸೆನಿಕ್ ತಾತ್ಕಾಲಿಕವಾಗಿ ನಿಲ್ಲಿಸಿ ಹದಕ್ಕೆ ಬಂದ ಮೇಲೆ ಮತ್ತೆ ಕೊಡುತ್ತಾರೆ. ಇದನ್ನು ತಡೆಯಲೆಂದೇ ಮೊದಲ ದಿನದಿಂದ ಕಿಲೋಗೆ 0.5 ಮಿಗ್ರಾಂ ಪ್ರೆಡ್ನಿಸೋಲೋನ್ ಕೊಡುವ ಪದ್ಧತಿ ಇದೆ.

ಇಸಿಜಿ ಯಾಕೆ ಅಷ್ಟು ಸಲ ತೆಗೆಯುತ್ತಾರೆ?

ಆರ್ಸೆನಿಕ್‌ನಿಂದ ಹೃದಯದ ಬಡಿತದ ಕ್ಯುಟಿಸಿ ಎಂಬ ಅಂತರ ಉದ್ದವಾಗುತ್ತದೆ. 500 ಮಿಲಿಸೆಕೆಂಡ್ ದಾಟಿದರೆ ಬಡಿತ ಹಠಾತ್ತಾಗಿ ತಪ್ಪಬಹುದು. ಪೊಟ್ಯಾಸಿಯಂ 4ಕ್ಕಿಂತ, ಮೆಗ್ನೀಸಿಯಂ 1.8ಕ್ಕಿಂತ ಮೇಲೆ ಇಟ್ಟುಕೊಂಡರೆ ಈ ಅಪಾಯ ಬಹಳ ತಗ್ಗುತ್ತದೆ. ವಾಂತಿ, ಭೇದಿ ಆದ ದಿನ ಡ್ರಿಪ್‌ಗೆ ಮೊದಲು ಹೇಳಲೇಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಕುಡಿಯಬಹುದು. ಆದರೆ ಮೂತ್ರಪಿಂಡಕ್ಕೆ ತೊಂದರೆ ಇದ್ದವರು ಕೇಳದೆ ಕುಡಿಯಬಾರದು, ಆಸ್ಪತ್ರೆಯ ಪೊಟ್ಯಾಸಿಯಂಗೆ ಅದು ಬದಲಿಯೂ ಅಲ್ಲ.

ಮನೆಗೆ ಬಂದ ಮೇಲೆ ಊರಿನ ಕ್ಲಿನಿಕ್‌ನಲ್ಲಿ ಬೇರೆ ಮದ್ದು ತೆಗೆದುಕೊಳ್ಳಬಹುದೇ?

ಊರಿನ ವೈದ್ಯರಿಗೆ ಈ ಪಟ್ಟಿ ತೋರಿಸಿ. ವಾಂತಿಗೆ ಒಂಡಾನ್ಸೆಟ್ರಾನ್, ಡೊಂಪೆರಿಡೋನ್. ಜ್ವರ–ಕೆಮ್ಮಿಗೆ ಅಜಿಥ್ರೋಮೈಸಿನ್, ಲಿವೊಫ್ಲಾಕ್ಸಸಿನ್: ಇವೆಲ್ಲ ಕ್ಯುಟಿಸಿಯನ್ನು ಇನ್ನಷ್ಟು ಎಳೆಯುತ್ತವೆ. ಫ್ಲುಕೊನಜೋಲ್ ಅದನ್ನೂ ಮಾಡುತ್ತದೆ, ರಕ್ತದಲ್ಲಿ ಆಟ್ರಾವನ್ನೂ ಏರಿಸುತ್ತದೆ. ಇಲಿಜ್ವರದ ಸೀಸನ್‌ನಲ್ಲಿ ಗದ್ದೆಗೆ ಇಳಿಯುವವರಿಗೆ ಕೊಡುವ ಡಾಕ್ಸಿಸೈಕ್ಲಿನ್ ಆಟ್ರಾ ಜೊತೆ ಸೇರಿದರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು. ಬಿಡದ ತಲೆನೋವು, ಒಂದು ಎರಡಾಗಿ ಕಾಣುವುದು ಅದರ ಲಕ್ಷಣ, ಮಕ್ಕಳಲ್ಲಿ ಹೆಚ್ಚು. ತುಟಿ ಒಡೆಯುವುದು, ಚರ್ಮ ಸಿಪ್ಪೆ ಏಳುವುದು ಆಟ್ರಾದಿಂದ ಸಾಮಾನ್ಯ. ಕೊಬ್ಬರಿ ಎಣ್ಣೆ ಸಾಕು.

ಮೀನಿನಲ್ಲಿ ಆರ್ಸೆನಿಕ್ ಇದೆಯಂತೆ. ಬಂಗಡೆ ಬಿಡಬೇಕೇ?

ಬೇಡ. ಸಮುದ್ರದ ಮೀನು, ಸಿಗಡಿಯಲ್ಲಿರುವುದು ಬಹುಪಾಲು ಆರ್ಸೆನೊಬೀಟೈನ್ ಎಂಬ ಬೇರೆಯೇ ರೂಪ, ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ. ವಿಷವೂ ಅಲ್ಲ, ಮದ್ದೂ ಅಲ್ಲ. ಬಿಳಿಕಣ ಕಡಿಮೆ ಇರುವಾಗ ಮೀನು ಚೆನ್ನಾಗಿ ಬೆಂದಿರಲಿ ಅಷ್ಟೇ.

ಆಟ್ರಾ ಎ ಜೀವಸತ್ವವೇ ಆದರೆ ಎ ವಿಟಮಿನ್ ಮಾತ್ರೆ ಸಾಕಲ್ಲ?

ಸಾಲದು. ಎ ಜೀವಸತ್ವದ ಅತಿ ಸಣ್ಣ ಪಾಲು ಮಾತ್ರ ರೆಟಿನೊಯಿಕ್ ಆಮ್ಲವಾಗುತ್ತದೆ, ಬೇಕಾದ ಮಟ್ಟ ಮುಟ್ಟುವ ಮೊದಲೇ ಯಕೃತ್ತು ಕೆಡುತ್ತದೆ. ಆಟ್ರಾ ನುಂಗುತ್ತಿರುವವರಿಗೆ ಮೀನೆಣ್ಣೆ, ಎ ವಿಟಮಿನ್ ಎರಡೂ ಬೇಡ. ಮೊಡವೆಗೆ ಹಚ್ಚುವ ಟ್ರೆಟಿನೊಯಿನ್ ಮುಲಾಮಿನಲ್ಲಿರುವುದು ಇದೇ ಅಣು. ಆದರೆ ಚರ್ಮದ ಮೂಲಕ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಬಸುರಿ, ಬಾಣಂತಿಯರು?

ಆಟ್ರಾ ಮೊದಲ ಮೂರು ತಿಂಗಳ ಭ್ರೂಣಕ್ಕೆ ತೀವ್ರ ಹಾನಿ ಮಾಡುತ್ತದೆ, ಆರ್ಸೆನಿಕ್ ಬಸುರಿನ ಯಾವ ಹಂತದಲ್ಲೂ ಸಲ್ಲದು. ಮದ್ದಿಗೆ ಮೊದಲು ಗರ್ಭ ಪರೀಕ್ಷೆ ಕಡ್ಡಾಯ. ಆರ್ಸೆನಿಕ್ ಮುಗಿದ ಮೇಲೂ ಹೆಂಗಸರು ಆರು ತಿಂಗಳು, ಗಂಡಸರು ಮೂರು ತಿಂಗಳು ಗರ್ಭನಿರೋಧ ಪಾಲಿಸಬೇಕು. ಎದೆಹಾಲು ಕೊಡುವಂತಿಲ್ಲ.

ರಿಪೋರ್ಟ್ ನಾರ್ಮಲ್ ಬಂತು. ಇನ್ನೂ ಡ್ರಿಪ್ ಯಾಕೆ?

ಕಣ್ಣಿಗೆ ಕಾಣದ ಕಣಗಳು ಉಳಿದಿರುತ್ತವೆ. ಶಮನವಾದ ಮೇಲೆ ಆರ್ಸೆನಿಕ್ ವಾರಕ್ಕೆ ಐದು ದಿನ, ನಾಲ್ಕು ವಾರ ಕೊಟ್ಟು ನಾಲ್ಕು ವಾರ ಬಿಡುವು. ಹೀಗೆ ನಾಲ್ಕು ಸುತ್ತು, ಅಂದರೆ 80 ಡ್ರಿಪ್. ಆಟ್ರಾ ಎರಡು ವಾರ ನುಂಗಿ ಎರಡು ವಾರ ಬಿಡುವು, ಏಳು ಸುತ್ತು. ಒಟ್ಟು ಏಳು ತಿಂಗಳಿನಷ್ಟು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಮೀ. 80 ಸಲ ಹೋಗಿಬರುವುದು ಯಾರಿಗಾದರೂ ಸಾಕಾಗುತ್ತದೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದೂ ಇದರಿಂದಲೇ. ಇಸಿಜಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ಇರುವ ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಲು ತಜ್ಞರಿಂದ ಬರಹದಲ್ಲಿ ಸೂಚನೆ ಪಡೆಯುವುದು ಸಾಧ್ಯ. ಕೇಳಲು ಸಂಕೋಚ ಬೇಡ.

ಮೊದಲ ಹಂತ ಮುಗಿದಾಗ ಪಿಸಿಆರ್ ಪಾಸಿಟಿವ್ ಬಂದರೆ ಹೆದರಬೇಡಿ. ಬಲಿಯುತ್ತಿರುವ ಕಣದಲ್ಲೂ ಬೆರಕೆ ಜೀನ್ ಇರುತ್ತದೆ. ಎಲ್ಲ ಸುತ್ತು ಮುಗಿದ ಮೇಲೆ ನೆಗೆಟಿವ್ ಬರುವುದು ಮುಖ್ಯ. ಹಾಗೆಯೇ 10–14ನೇ ದಿನಕ್ಕೇ ಮಜ್ಜೆ ತೆಗೆದು ನೋಡಿದರೆ ಎಳೆ ಕಣ ತುಂಬಿರುವುದು ಕಂಡು ಮದ್ದು ಸೋತಿತೆಂದು ತಪ್ಪು ತಿಳಿಯುವಂತಾಗುತ್ತದೆ.

ಬೇರೆ ರಕ್ತ ಕ್ಯಾನ್ಸರಿಗೂ ಇದೇ ಮದ್ದು ಆಗುತ್ತದೆಯೇ?

ಇಲ್ಲ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಎಪಿಎಲ್ ಪಾಲು ಸುಮಾರು ಹತ್ತಕ್ಕೊಂದು. ಎಪಿಎಲ್‌ನಂತೆಯೇ ಕಾಣುವ, ಆದರೆ ರಾರಾಗೆ ಪಿಎಲ್‌ಝಡ್‌ಎಫ್ ಎಂಬ ಜೀನ್ ಅಂಟಿಕೊಂಡ ಅಪರೂಪದ ಬಗೆ ಆಟ್ರಾಗೆ ಬಗ್ಗುವುದಿಲ್ಲ. ಉಳಿದವುಗಳಲ್ಲಿ ಕಣ ನಿಲ್ಲುವ ಕಾರಣ ಬೇರೆ, ಬೀಗದಕೈಯೂ ಬೇರೆ. ಐಡಿಎಚ್2 ಜೀನ್ ಕೆಟ್ಟಿದ್ದರೆ ಎನಾಸಿಡೆನಿಬ್ (ಅಮೆರಿಕದಲ್ಲಿ ಒಪ್ಪಿಗೆ 2017), ಐಡಿಎಚ್1 ಕೆಟ್ಟಿದ್ದರೆ ಐವೊಸಿಡೆನಿಬ್ (2018), ಕೆಎಂಟಿ2ಎ ಬದಲಾವಣೆ ಇದ್ದರೆ ರೆವುಮೆನಿಬ್ (2024). ಇವೂ ಕಣವನ್ನು ಬಲಿಯುವಂತೆ ಮಾಡುತ್ತವೆ, ಅದೇ ಉಬ್ಬಸದ ಸಿಂಡ್ರೋಮ್ ಇವುಗಳಲ್ಲೂ ಬರುತ್ತದೆ. ಆದರೆ ಎಪಿಎಲ್‌ನಷ್ಟು ಗೆಲುವು ಇನ್ನೂ ಯಾವುದಕ್ಕೂ ಸಿಕ್ಕಿಲ್ಲ.

ಕಾಲೇಜು ಲ್ಯಾಬಿನಲ್ಲಿ ಕಣ ಬಲಿಯುವುದನ್ನು ನೋಡಬಹುದೇ?

ಕಣ ಬೆಳೆಸುವ ಸೌಕರ್ಯ ಇದ್ದರೆ ನೋಡಬಹುದು. ಎಚ್ಎಲ್-60 ಎಂಬ, ಲ್ಯಾಬಿನಲ್ಲೇ ಬೆಳೆಸುವ ರಕ್ತ ಕ್ಯಾನ್ಸರ್ ಕಣಗಳನ್ನು ಮಿಲಿಗೆ ಎರಡು ಲಕ್ಷದಂತೆ, ನೂರಕ್ಕೆ 10 ಸೀರಂ ಇರುವ ಆರ್‌ಪಿಎಂಐ 1640 ದ್ರವದಲ್ಲಿ ಬಿಡಿ. ಆಟ್ರಾವನ್ನು ಡಿಎಂಎಸ್ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ಕರಗಿಸಿ, 10 ಮಿಲಿ ದ್ರವಕ್ಕೆ ಒಂದು ಮೈಕ್ರೋಲೀಟರ್ ಹಾಕಿದರೆ ಒಂದು ಮೈಕ್ರೋಮೋಲಾರ್. ನಾಲ್ಕೈದು ದಿನಕ್ಕೆ ಸಂಖ್ಯೆ ಏರುವುದು ನಿಲ್ಲುತ್ತದೆ. ಬಣ್ಣ ಹಾಕಿ ನೋಡಿದರೆ ದುಂಡಗಿದ್ದ ಕೋಶಕೇಂದ್ರ ಬಾಗಿ, ಹಾಲೆ ಹಾಲೆಯಾಗಿರುತ್ತದೆ. ಎನ್‌ಬಿಟಿ ಎಂಬ ಹಳದಿ ದ್ರಾವಣವನ್ನು, ಕಣವನ್ನು ಕೆರಳಿಸುವ ಪಿಎಂಎ ಎಂಬ ರಾಸಾಯನಿಕದ ಜೊತೆ ಹಾಕಿದರೆ ಬಲಿತ ಕಣದೊಳಗೆ ನೀಲಿ–ಕಪ್ಪು ಕಾಳು ಕೂರುತ್ತದೆ, ಎಳೆಯದರಲ್ಲಿ ಕೂರುವುದಿಲ್ಲ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಟ್ಯೂಬ್‌ಲೈಟಿನ ಕೆಳಗೆ ತೆರೆದಿಟ್ಟ ಆಟ್ರಾ ಶಕ್ತಿ ಕಳೆದುಕೊಂಡಿರುತ್ತದೆ. ಬಹಳ ಸಲ ವರ್ಗಾಯಿಸಿದ ಹಳೆಯ ಕಣಗಳು ಮದ್ದಿಗೆ ಸ್ಪಂದಿಸುವುದಿಲ್ಲ. ಮೂರನೆಯದು ಎಲ್ಲರೂ ಬೀಳುವ ಗುಂಡಿ: ಡಿಎಂಎಸ್ಒ ತಾನೇ ನೂರಕ್ಕೆ ಒಂದೂಕಾಲರಷ್ಟು ಇದ್ದರೆ ಈ ಕಣಗಳನ್ನು ಬಲಿಯುವಂತೆ ಮಾಡುತ್ತದೆ. ಹಾಗಾಗಿ ಅದು ನೂರಕ್ಕೆ 0.1 ದಾಟದಿರಲಿ, ಬರೀ ಡಿಎಂಎಸ್ಒ ಹಾಕಿದ ಒಂದು ಫ್ಲಾಸ್ಕ್ ಪಕ್ಕದಲ್ಲೇ ಇರಲಿ. ಇನ್ನೊಂದು: ಎಚ್ಎಲ್-60ರಲ್ಲಿ ಪಿಎಂಎಲ್–ರಾರಾ ಇಲ್ಲವೇ ಇಲ್ಲ. ಬೆರಕೆ ಪ್ರೋಟೀನ್ ಕರಗುವುದನ್ನೇ ನೋಡಬೇಕೆಂದರೆ ಎಪಿಎಲ್ ರೋಗಿಯಿಂದ ಬಂದ ಎನ್‌ಬಿ4 ಕಣಗಳನ್ನು ತರಿಸಬೇಕು.